ಬಘೀರ ಎಂಬ ಜೇಡದ ಕುಲವೃತ್ತಾಂತ

ರಡ್ಯಾರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ ಓದಿದವರಿಗೂ, 1990ರ ದಶಕದಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತು ಮೋಗ್ಲಿಯ ಸಾಹಸಗಳನ್ನು ನೋಡಿದವರಿಗೂ ಬಘೀರನ ಪರಿಚಯ ಹೇಳಬೇಕಾಗಿಲ್ಲ. ಮಸಿಯಂತಹ ಮೈಬಣ್ಣ, ಸದ್ದಿಲ್ಲದ ಹೆಜ್ಜೆ, ಗುರಿ ತಪ್ಪದ ನೆಗೆತ. ಕಬಿನಿಯ ಕಾಡಿನಲ್ಲಿ ಕರಿಚಿರತೆಯೊಂದು ಛಾಯಾಗ್ರಾಹಕರ ಕಣ್ಣಿಗೆ ಬಿದ್ದರೆ ಇಂದಿಗೂ ಮೊದಲು ನೆನಪಾಗುವುದು ಅದೇ ಹೆಸರು. ಆದರೆ ಪ್ರಾಣಿಶಾಸ್ತ್ರದ ಅಧಿಕೃತ ದಾಖಲೆಗಳಲ್ಲಿ ಬಘೀರ ಎಂಬ ಹೆಸರು ಯಾವ ಚಿರತೆಗೂ ಸೇರಿದ್ದಲ್ಲ. ಅದು ಅಮೆರಿಕ ಖಂಡದ ಕೆಲವೇ ಜೇಡಗಳ ಸಣ್ಣದೊಂದು ಕುಲದ ಹೆಸರು. ಆ ಕುಲದ ಹಿರಿಯ ಸದಸ್ಯನ ಪೂರ್ಣ ನಾಮಧೇಯ ‘ಬಘೀರಾ ಕಿಪ್ಲಿಂಗಿ’. ಉದ್ದ ಐದಾರು ಮಿಲಿಮೀಟರು.

ಬೇಟೆಗಾರ ಪ್ರಾಣಿಯ ಹೆಸರು ಹೊತ್ತ ಈ ಜೇಡ ಬಹುಪಾಲು ಎಲೆಯ ತುಣುಕುಗಳನ್ನು ತಿಂದು ಬದುಕುತ್ತದೆ ಎಂಬ ಸಂಗತಿ 2009ರಲ್ಲಿ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಸುದ್ದಿ ಮಾಡಿದವು. ‘ಸಸ್ಯಾಹಾರಿ ಜೇಡ’ ಎಂಬ ಬೆರಗಿನಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಸರಿಯಿತು. ಈ ಜೇಡಕ್ಕೆ ವೈಜ್ಞಾನಿಕ ಹೆಸರು ದೊರೆತದ್ದು 1896ರಲ್ಲಿ. ಅದು ಏನು ತಿನ್ನುತ್ತದೆ ಎಂಬುದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಹಾಗಾದರೆ ಆ ನೂರು ವರ್ಷ ವಿಜ್ಞಾನಿಗಳ ಬಳಿ ಇದ್ದದ್ದೇನು? ಊಟ ಗೊತ್ತಿಲ್ಲದೆ, ವಾಸ ಗೊತ್ತಿಲ್ಲದೆ, ಕೊನೆಗೆ ಹೆಣ್ಣು ಹೇಗಿರುತ್ತದೆ ಎಂಬುದೂ ಗೊತ್ತಿಲ್ಲದೆ ಒಂದು ಜೀವಿಯನ್ನು ಯಾವ ಆಧಾರದ ಮೇಲೆ ಒಂದು ಕುಲಕ್ಕೆ ಸೇರಿಸಿದರು?

ಗೋಡೆಯ ಮೇಲಿನ ನೆಂಟರು

ಜಿಗಿಯುವ ಜೇಡಗಳು ನಮಗೆ ಅಪರಿಚಿತವಲ್ಲ. ಬಲೆ ಕಟ್ಟಿ ಮೂಲೆಯಲ್ಲಿ ಕಾಯುವ ಜೇಡಗಳ ಜಾತಿ ಬೇರೆ. ಹಗಲು ಹೊತ್ತಿನಲ್ಲಿ ಗೋಡೆಯ ಮೇಲೆ, ಕಿಟಕಿಯ ಸರಳಿನ ಮೇಲೆ ತುಸು ನಡೆದು, ತಟಕ್ಕನೆ ನಿಂತು, ಸಮೀಪಕ್ಕೆ ಹೋದ ನಮ್ಮತ್ತ ಮುಖ ತಿರುಗಿಸಿ ನೋಡುವ ಪುಟ್ಟ ಜೇಡ ಇದೆಯಲ್ಲ, ಅದು ಈ ಗುಂಪಿನದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮನೆಗಳಲ್ಲಿ ನೊಣ, ಸೊಳ್ಳೆಗಳ ಮೇಲೆ ನೆಗೆಯುವ ಪ್ಲೆಕ್ಸಿಪಸ್, ಮೆನೆಮೆರಸ್ ಜೇಡಗಳು ಇದೇ ಕುಟುಂಬದವು. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಹೆಡ್‌ಲೈಟುಗಳಂತೆ ದೊಡ್ಡವು. ದೂರದರ್ಶಕದ ಕೊಳವೆಯಂತೆ ಒಳಕ್ಕೆ ಚಾಚಿಕೊಂಡಿರುವ ಆ ಕಣ್ಣುಗಳು ಸೂಕ್ಷ್ಮವಾದ ವಿವರಗಳನ್ನು ಗ್ರಹಿಸಬಲ್ಲವು. ಉಳಿದ ಆರು ಸುತ್ತಲಿನ ಚಲನೆಯ ಮೇಲೆ ನಿಗಾ ಇಡುತ್ತವೆ. ನೆಗೆತಕ್ಕೆ ಮಿಡತೆಯಂತಹ ದಪ್ಪ ತೊಡೆ ಇವಕ್ಕಿಲ್ಲ. ದೇಹದ ದ್ರವವನ್ನು ಒತ್ತಡದಿಂದ ಹಿಂಗಾಲುಗಳಿಗೆ ನುಗ್ಗಿಸಿ, ಮಡಿಚಿದ ಕಾಲನ್ನು ಒಮ್ಮೆಗೇ ಚಾಚಿ ಹಾರುತ್ತವೆ. ಹಾರುವ ಮುನ್ನ ಬೆನ್ನ ಹಿಂದೆ ಒಂದು ರೇಷ್ಮೆ ಎಳೆಯನ್ನು ಅಂಟಿಸಿಕೊಳ್ಳುತ್ತವೆ. ಗುರಿ ತಪ್ಪಿದರೆ ಅದೇ ರಕ್ಷಣೆಯ ಹಗ್ಗ.

ಸಾಲ್ಟಿಸಿಡೇ ಎಂಬ ಈ ಕುಟುಂಬ ಜೇಡಗಳಲ್ಲೇ ಅತಿ ದೊಡ್ಡದು. ಇದುವರೆಗೆ ಹೆಸರಿಟ್ಟ ಪ್ರಭೇದಗಳೇ 6,000 ಮೀರಿವೆ, ಕುಲಗಳು 600ಕ್ಕೂ ಹೆಚ್ಚು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯ ನಿರ್ವಹಿಸುವ ವಿಶ್ವ ಜೇಡ ಸೂಚಿಯಲ್ಲಿ 2022ರ ಏಪ್ರಿಲ್‌ನಲ್ಲಿ 50,000ನೇ ಜೇಡ ದಾಖಲಾಯಿತು. ಅದೂ ದಕ್ಷಿಣ ಅಮೆರಿಕದ ಒಂದು ಜಿಗಿಯುವ ಜೇಡವೇ, ಹೆಸರು ಗುರಿಯುರಿಯಸ್ ಮಿನುವಾನೊ. ಇಷ್ಟು ದೊಡ್ಡ ಕುಟುಂಬದಲ್ಲಿ ಬಘೀರಾ ಕುಲದ ಪಾಲು ಕೇವಲ ನಾಲ್ಕು ಪ್ರಭೇದ.

ಮಿಲ್ವಾಕೀ ನಗರದ ದಂಪತಿ

ಕುಲಕ್ಕೆ ಹೆಸರಿಟ್ಟವರು ಜಾರ್ಜ್ ಪೆಕ್‌ಹ್ಯಾಮ್ ಮತ್ತು ಎಲಿಜಬೆತ್ ಪೆಕ್‌ಹ್ಯಾಮ್ ದಂಪತಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದವರು. ಜಾರ್ಜ್ ಅಲ್ಲಿನ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಅಧ್ಯಾಪಕ, ಮುಂದೆ ನಗರದ ಶಾಲೆಗಳ ಮೇಲ್ವಿಚಾರಕ, ಆಮೇಲೆ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕ. ಎಲಿಜಬೆತ್ ವ್ಯಾಸರ್ ಕಾಲೇಜಿನ ಪದವೀಧರೆ. ಪತಿ 1914ರಲ್ಲಿ ತೀರಿಕೊಂಡ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಗಟ್ಟಿಗಿತ್ತಿ. ವಿಶ್ವವಿದ್ಯಾಲಯದ ಹುದ್ದೆಯಾಗಲಿ ಪ್ರಯೋಗಾಲಯವಾಗಲಿ ಇಲ್ಲದ ಈ ಇಬ್ಬರು ಸೇರಿ 60ಕ್ಕೂ ಹೆಚ್ಚು ಕುಲಗಳನ್ನೂ 360ಕ್ಕೂ ಹೆಚ್ಚು ಪ್ರಭೇದಗಳನ್ನೂ ವಿವರಿಸಿದರು. ಗಂಡು ಜೇಡ ಹೆಣ್ಣಿನ ಮುಂದೆ ಕುಣಿಯುವ ಪರಿಯನ್ನು ತಾಳ್ಮೆಯಿಂದ ದಾಖಲಿಸಿ, ಡಾರ್ವಿನ್ನನ ಲೈಂಗಿಕ ಆಯ್ಕೆಯ ವಾದಕ್ಕೆ ಬೆಂಬಲವಾಗಿ 1889ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಇಂದಿಗೂ ಉಲ್ಲೇಖವಾಗುತ್ತದೆ.

ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಜಿಗಿಯುವ ಜೇಡಗಳ ಬಗ್ಗೆ ಅವರ ಪ್ರಬಂಧ 1896ರಲ್ಲಿ ಹೊರಬಂತು. ‘ಜಂಗಲ್ ಬುಕ್’ 1894ರಲ್ಲಿ, ಅದರ ಎರಡನೆಯ ಭಾಗ 1895ರಲ್ಲಿ ಪ್ರಕಟವಾಗಿತ್ತು. ನಮ್ಮ ಸಿಯೋನಿ ಕಾಡಿನ ಆ ಕಥೆಗಳನ್ನು ಕಿಪ್ಲಿಂಗ್ ಬರೆದದ್ದು ಭಾರತದಲ್ಲಿ ಕುಳಿತಲ್ಲ, ಅಮೆರಿಕದ ವರ್ಮಾಂಟ್ ರಾಜ್ಯದ ಚಳಿಯಲ್ಲಿ. ದಂಪತಿಗೆ ಆ ಪುಸ್ತಕದ ಹುಚ್ಚು ಎಷ್ಟಿತ್ತೆಂದರೆ ಅದೇ ಪ್ರಬಂಧದಲ್ಲಿ ಬಘೀರಾ ಮಾತ್ರವಲ್ಲ, ತೋಳಗಳ ನಾಯಕ ಅಕೇಲನ ಹೆಸರಿನಲ್ಲಿ ಒಂದು ಕುಲ, ಮೋಗ್ಲಿಯನ್ನು ಸಾಕಿದ ಹಳ್ಳಿಯ ಹೆಂಗಸು ಮೆಸ್ಸುವಾಳ ಹೆಸರಿನಲ್ಲಿ ಒಂದು, ಮುಂಗುಸಿಯ ಕಥೆಯ ಹೆಣ್ಣು ನಾಗರ ನಗೈನಾಳ ಹೆಸರಿನಲ್ಲಿ ಇನ್ನೊಂದು ಹುಟ್ಟಿಕೊಂಡವು. ಈ ನಾಲ್ಕೂ ಹೆಸರುಗಳು ಇಂದಿಗೂ ಊರ್ಜಿತದಲ್ಲಿವೆ. ಮಧ್ಯಪ್ರದೇಶದ ಕಾಡಿನ ಪಾತ್ರಗಳು ಗ್ವಾಟೆಮಾಲದ ಪೊದೆಗಳಲ್ಲಿ ಎಂಟು ಕಾಲಿನ ಮೇಲೆ ಓಡಾಡುತ್ತಿವೆ ಎಂದರೆ ವಿಚಿತ್ರವೇ ಸರಿ. ಆದರೆ ನಾಮಕರಣದ ನಿಯಮಗಳಲ್ಲಿ ಹೆಸರಿಗೂ ಹೆಸರು ಹೊತ್ತ ಜೀವಿಗೂ ಸಂಬಂಧ ಇರಲೇಬೇಕೆಂಬ ಕಟ್ಟುಪಾಡಿಲ್ಲ. ಮೊದಲು ಇಟ್ಟ ಹೆಸರೇ ನಿಲ್ಲುತ್ತದೆ. ಪ್ರಾಣಿಗಳ ಹೆಸರಿನ ಲೆಕ್ಕ ಲಿನ್ನೇಯಸ್‌ನ 1758ರ ಗ್ರಂಥದಿಂದ ಆರಂಭವಾದರೂ, ಜೇಡಗಳಿಗೆ ಮಾತ್ರ ಸ್ವೀಡನ್ನಿನ ಕಾರ್ಲ್ ಕ್ಲರ್ಕ್ 1757ರಲ್ಲಿ ಇಟ್ಟ ಹೆಸರುಗಳಿಗೂ ಮಾನ್ಯತೆಯಿದೆ. ಇಡೀ ಪ್ರಾಣಿಲೋಕದಲ್ಲಿ ಇಂತಹ ರಿಯಾಯಿತಿ ಪಡೆದ ಗುಂಪು ಜೇಡಗಳೊಂದೇ.

ಪೆಕ್‌ಹ್ಯಾಮರ ವಿವರಣೆ ಕಿಪ್ಲಿಂಗಿಯ ಗಂಡನ್ನು ಮಾತ್ರ ಆಧರಿಸಿತ್ತು. ಸಾರಾಯಿಯಲ್ಲಿ ಅದ್ದಿಟ್ಟ ಜೇಡವೊಂದು ಹೇಳಬಲ್ಲಷ್ಟನ್ನು ಅವರು ಕೇಳಿಸಿಕೊಂಡರು: ಕಣ್ಣುಗಳ ಜೋಡಣೆ, ಕಾಲುಗಳ ಅಳತೆ, ದವಡೆಯ ಆಕಾರ, ಮೈಮೇಲಿನ ಗುರುತು. ಹೆಣ್ಣಿನ ವಿವರಣೆ ಬಂದದ್ದು ಸರಿಯಾಗಿ ನೂರು ವರ್ಷಗಳ ಅನಂತರ, 1996ರಲ್ಲಿ. ಅದನ್ನು ಬರೆದವರು ಜಿಗಿಯುವ ಜೇಡಗಳ ವರ್ಗೀಕರಣದಲ್ಲಿ ಇಂದಿನ ಅಗ್ರಗಣ್ಯ ವಿದ್ವಾಂಸರಾದ ವೇಯ್ನ್ ಮ್ಯಾಡಿಸನ್.

ಹೆಣ್ಣನ್ನು ಗುರುತಿಸಲು ಇಷ್ಟು ತಡವೇಕೆ ಎಂದು ಕೇಳಬಹುದು. ಈ ಕುಟುಂಬದಲ್ಲಿ ಗಂಡು ಹೆಣ್ಣುಗಳು ನೋಡಲು ಎರಡು ಬೇರೆ ಜೀವಿಗಳಂತಿರುತ್ತವೆ. ಕಿಪ್ಲಿಂಗಿಯ ಗಂಡು ಸಣಕಲು ಮೈಯದು. ಕಂದುಗೆಂಪು ಹೊಟ್ಟೆಯ ಮೇಲೆ ಹಸಿರು ಅಡ್ಡಗೆರೆಗಳು, ಕಪ್ಪು ತಲೆಯ ಮುಂಭಾಗದಲ್ಲಿ ಹಸಿರು ಹೊಳಪು. ಹೆಣ್ಣಿನದು ತುಂಬಿದ ಹೊಟ್ಟೆ, ತಿಳಿಗಂದು ಬಣ್ಣ. ಮುಂದಿನ ಜೋಡಿ ಕಾಲು ಜೇನಿನ ಬಣ್ಣದ್ದಾದರೆ ಉಳಿದವು ಪೇಲವ ಹಳದಿ. ಎರಡನ್ನೂ ಬೇರೆ ಬೇರೆ ಸೀಸೆಯಲ್ಲಿ ಕಂಡವರು ಒಂದೇ ಸಂಸಾರ ಎನ್ನಲಾರರು. ಒಂದೇ ಪ್ರಭೇದದ ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟು ದಶಕಗಳ ತರುವಾಯ ತಪ್ಪು ತಿದ್ದಿಕೊಂಡ ಪ್ರಸಂಗಗಳು ಜೇಡಶಾಸ್ತ್ರದಲ್ಲಿ ಹೇರಳ.

‘ಇತರೆ’ ಎಂಬ ಕಾಲಂ

ಕುಲ ಎಂದರೆ ಏನು ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ, ಆ ಪದವೇ ವಿವರಿಸುತ್ತದೆ. ಒಬ್ಬ ಮೂಲಪುರುಷನಿಂದ ಕವಲೊಡೆದ ದಾಯಾದಿಗಳೆಲ್ಲ ಒಂದು ಕುಲ. ಹೊರಗಿನವರು ಒಳಗೆ ಸೇರಕೂಡದು, ಒಳಗಿನವರು ಹೊರಗೆ ಉಳಿಯಕೂಡದು. ಇಂದಿನ ಜೀವಿ ವರ್ಗೀಕರಣದ ಆದರ್ಶವೂ ಇದೇ. ತೊಡಕಿರುವುದು ದಾಯಾದಿಗಳನ್ನು ಗುರುತಿಸುವುದರಲ್ಲಿ. ಜೇಡಗಳು ವಂಶಾವಳಿ ಬರೆದಿಡುವುದಿಲ್ಲ. ಯಾವ ಅಂಗವನ್ನು ಸಾಕ್ಷಿಯಾಗಿ ಒಪ್ಪಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯೂಜೀನ್ ಸಿಮೋನ್ ಹಲ್ಲನ್ನು ಸಾಕ್ಷಿಯಾಗಿ ಆರಿಸಿಕೊಂಡರು. ಜೇಡದ ಕೋರೆದವಡೆಯ ಒಳ ಅಂಚಿನಲ್ಲಿ ಒಂದೇ ಹಲ್ಲು ಇದೆಯೋ, ಸೀಳಿದ ಹಲ್ಲು ಇದೆಯೋ, ಅನೇಕ ಹಲ್ಲುಗಳಿವೆಯೋ ನೋಡಿ ಅವರು ಜಿಗಿಯುವ ಜೇಡಗಳನ್ನು ಮೂರು ದೊಡ್ಡ ಪಾಲು ಮಾಡಿದರು. ಎಣಿಸಲು ಸುಲಭವಾದ್ದರಿಂದ ಆ ಪದ್ಧತಿ ಬಹುಕಾಲ ಬಾಳಿತು. ಆದರೆ ಸುಲಭವಾದ ಲಕ್ಷಣ ಸತ್ಯವಾದ ಲಕ್ಷಣವೇ ಆಗಿರಬೇಕೆಂದಿಲ್ಲ. ಹಲ್ಲಿನ ರೀತಿ ವಿಕಾಸದ ಹಾದಿಯಲ್ಲಿ ಹಲವು ಬಾರಿ ಸ್ವತಂತ್ರವಾಗಿ ಬದಲಾಗಿದೆ ಎಂಬುದು ಮುಂದೆ ಸ್ಪಷ್ಟವಾಯಿತು. ಎರಡು ಊರುಗಳಲ್ಲಿ ಇಬ್ಬರು ಮೀಸೆ ಬಿಟ್ಟರೆಂದು ಅವರನ್ನು ಅಣ್ಣತಮ್ಮಂದಿರೆನ್ನಲಾಗದು.

ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ ಸಂತಾನಾಂಗಗಳು. ಗಂಡು ಜೇಡದ ಬಾಯಿಯ ಎರಡೂ ಪಕ್ಕ ಪುಟ್ಟ ಕೈಗಳಂತಹ ಅಂಗಗಳಿವೆ. ಅವುಗಳ ತುದಿಯಲ್ಲಿರುವ ಗೋಳದಂತಹ ಭಾಗವೇ ವೀರ್ಯವನ್ನು ಹೆಣ್ಣಿಗೆ ತಲುಪಿಸುವ ಸಾಧನ. ಅದರಲ್ಲಿನ ಸೂಜಿಯಂತಹ ಮೊನೆ, ಸುತ್ತುಗಳು, ಮುಳ್ಳುಗಳು ಒಂದೊಂದು ಪ್ರಭೇದಕ್ಕೆ ಒಂದೊಂದು ರೀತಿ. ಹೆಣ್ಣಿನ ಹೊಟ್ಟೆಯ ಅಡಿಭಾಗದ ರಂಧ್ರ, ಒಳನಾಳಗಳ ವಿನ್ಯಾಸವೂ ಹಾಗೆಯೇ. ಹೊಸ ಪ್ರಭೇದ ಎಂದು ಘೋಷಿಸುವವರು ಇವೆರಡರ ಚಿತ್ರ ಬರೆದು ತೋರಿಸದಿದ್ದರೆ ಯಾರೂ ಒಪ್ಪುವುದಿಲ್ಲ. ಬಣ್ಣ ನೋಡಿ ಜೇಡ ಗುರುತಿಸುವ ನಮ್ಮಂಥವರು ಇಲ್ಲಿ ಬಾಯಿ ಮುಚ್ಚಿಕೊಂಡಿರುವುದು ಲೇಸು.

ಬಘೀರಾ ಕುಲದ ಎರಡನೆಯ ಪ್ರಭೇದದ ಕಥೆ ಈ ತೊಡಕಿಗೆ ಒಳ್ಳೆಯ ನಿದರ್ಶನ. ‘ಪ್ರಾಸ್ಪರ್’ ಎಂಬ ಆ ಜೇಡವನ್ನು 1901ರಲ್ಲಿ ವಿವರಿಸಿದವರು ಇದೇ ಪೆಕ್‌ಹ್ಯಾಮ್ ದಂಪತಿ. ಬಘೀರಾ ಕುಲವನ್ನು ಐದು ವರ್ಷ ಹಿಂದೆ ತಾವೇ ಸ್ಥಾಪಿಸಿದ್ದರೂ ಪ್ರಾಸ್ಪರ್ ಅದರ ದಾಯಾದಿ ಎಂದು ಅವರಿಗೆ ತೋರಲಿಲ್ಲ. ಬೇರೊಂದು ಕುಲದಲ್ಲಿ ಇಟ್ಟರು. ಅಮೆರಿಕದ ಜೇಡಗಳಲ್ಲಿ ಮೆಟಾಫಿಡಿಪಸ್ ಎಂಬ ಕುಲವೊಂದಿತ್ತು. ಸರಕಾರಿ ಅರ್ಜಿಗಳ ಕೊನೆಯಲ್ಲಿ ‘ಇತರೆ’ ಎಂಬ ಕಾಲಂ ಇರುತ್ತದಲ್ಲ, ಅದು ಹಾಗಿತ್ತು. ಎಲ್ಲಿಯೂ ಸೇರದ, ಸಾಧಾರಣ ರೂಪದ ಜೇಡಗಳನ್ನೆಲ್ಲ ಅಲ್ಲಿಗೆ ತಳ್ಳುವುದು ರೂಢಿ. ಮ್ಯಾಡಿಸನ್ 1996ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯದ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ನೂರೈವತ್ತು ಪುಟಗಳ ಪ್ರಬಂಧದಲ್ಲಿ ಆ ಮೂಟೆಯನ್ನು ಬಿಚ್ಚಿ, ಒಂದೊಂದು ಜೇಡವನ್ನೂ ಅದರದರ ಮನೆಗೆ ಕಳಿಸಿದರು. ಪ್ರಾಸ್ಪರ್ ಬಘೀರಾ ಕುಲಕ್ಕೆ ಬಂದದ್ದು ಆಗ. ಪೆಕ್‌ಹ್ಯಾಮರ ಸಂಗ್ರಹವಿರುವುದೂ ಅದೇ ಸಂಗ್ರಹಾಲಯದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು; ಹಳೆಯ ಸೀಸೆಗಳನ್ನು ಯಾರೋ ಕಾಪಾಡಿಟ್ಟಿದ್ದರಿಂದಲೇ ಈ ಮರುಹಂಚಿಕೆ ಸಾಧ್ಯವಾಯಿತು.

ಈ ಸ್ಥಳಾಂತರದ ಗುರುತು ಹೆಸರಿನಲ್ಲೇ ಉಳಿದಿದೆ. ಕಿಪ್ಲಿಂಗಿಯ ಮುಂದೆ ಪೆಕ್‌ಹ್ಯಾಮರ ಹೆಸರು, 1896 ಎಂಬ ವರ್ಷ ಹಾಗೆಯೇ ಬರುತ್ತವೆ. ಪ್ರಾಸ್ಪರ್‌ನ ಮುಂದೆ ಅದೇ ಹೆಸರು, 1901 ಎಂಬ ವರ್ಷ ಆವರಣ ಚಿಹ್ನೆಯೊಳಗೆ ಬರುತ್ತವೆ. ಹೆಸರಿಟ್ಟವರು ಮೊದಲು ಇರಿಸಿದ್ದ ಕುಲದಲ್ಲಿ ಈ ಜೇಡ ಈಗ ಇಲ್ಲ ಎಂಬುದನ್ನು ಆ ಎರಡು ಪುಟ್ಟ ಕಂಸಗಳು ತಿಳಿಸುತ್ತವೆ. ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಇನ್ನು ಮುಂದೆ ಇಂತಹ ಕಂಸ ಕಂಡರೆ ಅದರ ಹಿಂದೊಂದು ಮನೆ ಬದಲಿಸಿದ ಕಥೆಯಿದೆ ಎಂದು ತಿಳಿಯಬಹುದು.

ಜಾಲಿಯ ಮರದ ಬಾಡಿಗೆದಾರ

ಇಷ್ಟಾದರೂ ಕಿಪ್ಲಿಂಗಿಯ ಬದುಕಿನ ಬಗ್ಗೆ ಯಾರಿಗೂ ಏನೂ ತಿಳಿದಿರಲಿಲ್ಲ. ಅದನ್ನು ತಿಳಿಯಬೇಕಾದರೆ ಮೊದಲು ಒಂದು ಮರದ ವಿಷಯ ಹೇಳಬೇಕು.

ಮೆಕ್ಸಿಕೊದಿಂದ ಕೋಸ್ಟರಿಕದವರೆಗೆ ಹೋರಿಯ ಕೊಂಬಿನಂತಹ ಜೋಡಿಮುಳ್ಳುಗಳ ಜಾಲಿ ಜಾತಿಯ ಗಿಡಗಳು ಬೆಳೆಯುತ್ತವೆ. ಮುಳ್ಳಿನ ಒಳಗೆ ಪೊಳ್ಳು. ಅಲ್ಲಿ ಸ್ಯೂಡೋಮಿರ್ಮೆಕ್ಸ್ ಎಂಬ ಕುಟುಕುವ ಇರುವೆಗಳ ಬಿಡಾರ. ಮರ ಇರುವೆಗಳಿಗೆ ವಸತಿ ಕೊಡುವುದಷ್ಟೇ ಅಲ್ಲ, ಊಟವನ್ನೂ ಕೊಡುತ್ತದೆ: ಎಲೆಯ ತೊಟ್ಟಿನ ಬಳಿ ಸಿಹಿರಸ, ಕಿರುಎಲೆಗಳ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ, ಪ್ರೋಟೀನು ಕೊಬ್ಬುಗಳಿರುವ ಗುಳಿಗೆಗಳು. ಇದಕ್ಕೆ ಪ್ರತಿಯಾಗಿ ಇರುವೆಗಳು ಎಲೆ ತಿನ್ನಲು ಬರುವ ಹುಳುಗಳನ್ನೂ ದನಕರುಗಳನ್ನೂ ಕುಟುಕಿ ಓಡಿಸುತ್ತವೆ, ಮರಕ್ಕೆ ಹಬ್ಬಲು ಬರುವ ಬಳ್ಳಿಗಳನ್ನು ಕತ್ತರಿಸುತ್ತವೆ. ಎಲೆಯ ತುದಿಯ ಗುಳಿಗೆಗಳಿಗೆ ‘ಬೆಲ್ಟಿಯನ್ ಕಾಯ’ ಎಂಬ ಹೆಸರು ಬಂದದ್ದು 1874ರಲ್ಲಿ ನಿಕರಾಗುವದ ನಿಸರ್ಗದ ಬಗ್ಗೆ ಪುಸ್ತಕ ಬರೆದ ಗಣಿ ಎಂಜಿನಿಯರ್ ಥಾಮಸ್ ಬೆಲ್ಟ್‌ನಿಂದ. ಮರಕ್ಕೂ ಇರುವೆಗೂ ನಡುವಿನ ಈ ಒಪ್ಪಂದ ನಿಜವೆಂದು ಪ್ರಯೋಗಗಳಿಂದ ತೋರಿಸಿದ್ದು ಡೇನಿಯಲ್ ಜಾನ್ಜೆನ್, 1966ರಲ್ಲಿ. ಇರುವೆಗಳಿಗೆ ಮನೆ ಕೊಡುವ ಮರಗಳು ನಮ್ಮಲ್ಲೂ ಇವೆ. ಪಶ್ಚಿಮಘಟ್ಟದ ಹಂಬೋಲ್ಟಿಯಾ ಬ್ರುನೋನಿಸ್ ಮರದ ಉಬ್ಬಿದ ಗೆಣ್ಣುಗಳಲ್ಲಿ ಇರುವೆಗಳು ನೆಲೆಸುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಅಂದಹಾಗೆ, ಆ ಅಮೆರಿಕದ ಜಾಲಿಗೂ ನಮ್ಮ ಹೊಲದ ಬದುವಿನ ಕರಿಜಾಲಿಗೂ ಹತ್ತಿರದ ನೆಂಟಸ್ತಿಕೆಯಿದೆ. ಎರಡೂ ಹಿಂದೆ ಅಕೇಶಿಯಾ ಎಂಬ ಕುಲದಲ್ಲಿದ್ದವು. ಆ ಕುಲವನ್ನು ಒಡೆದಾಗ ಹಳೆಯ ಹೆಸರು ಯಾರ ಪಾಲಿಗೆ ಎಂಬ ಬಗ್ಗೆ ಸಸ್ಯವಿಜ್ಞಾನಿಗಳಲ್ಲಿ ದೊಡ್ಡ ಜಗಳವೇ ನಡೆಯಿತು. 2005ರ ವಿಯೆನ್ನಾ ಸಮ್ಮೇಳನದಲ್ಲಿ ಅದು ಆಸ್ಟ್ರೇಲಿಯದ ಮರಗಳಿಗೆ ದಕ್ಕಿತು, 2011ರ ಮೆಲ್ಬರ್ನ್ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ಕರಿಜಾಲಿಯೂ ಹೋರಿಕೊಂಬಿನ ಜಾಲಿಯೂ ಈಗ ವ್ಯಾಚೆಲಿಯಾ ಕುಲದವು. ಕುಲದ ಹೆಸರಿಗಾಗಿ ವ್ಯಾಜ್ಯ ಮನುಷ್ಯರಲ್ಲಿ ಮಾತ್ರ ಎಂದು ಯಾರೂ ಭಾವಿಸಬೇಕಾಗಿಲ್ಲ.

ಈ ಇರುವೆ ಕಾವಲಿನ ಮರದಲ್ಲಿ ಒಂದು ಜಿಗಿಯುವ ಜೇಡ ಎಲೆಯ ಗುಳಿಗೆಗಳನ್ನು ಕಿತ್ತು ತಿನ್ನುವುದನ್ನು ಎರಿಕ್ ಓಲ್ಸನ್ 2001ರಲ್ಲಿ ಕೋಸ್ಟರಿಕದಲ್ಲಿ ಕಂಡರು. 2007ರಲ್ಲಿ ಮೆಕ್ಸಿಕೊದ ಕಿಂಟಾನಾ ರೋ ಪ್ರಾಂತ್ಯದಲ್ಲಿ ಕ್ರಿಸ್ಟೋಫರ್ ಮೀಹನ್ ಎಂಬ ವಿದ್ಯಾರ್ಥಿ ಸ್ವತಂತ್ರವಾಗಿ ಅದನ್ನೇ ಕಂಡರು. ಇಬ್ಬರೂ ಇತರ ಸಹೋದ್ಯೋಗಿಗಳೊಂದಿಗೆ ಸೇರಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ 2009ರ ಅಕ್ಟೋಬರ್‌ನಲ್ಲಿ ಬರೆದ ಎರಡು ಪುಟಗಳ ಲೇಖನವೇ ಲೋಕವನ್ನು ಬೆರಗುಗೊಳಿಸಿದ್ದು. ಜೇಡ ಬಘೀರಾ ಕಿಪ್ಲಿಂಗಿ ಎಂದು ಕ್ಷಣದಲ್ಲಿ ಹೇಳಲು ಸಾಧ್ಯವಾದದ್ದು ಮಾತ್ರ ಪೆಕ್‌ಹ್ಯಾಮರಿಂದ, ಮ್ಯಾಡಿಸನ್ನರಿಂದ.

ಕಣ್ಣಾರೆ ಕಂಡದ್ದಷ್ಟೇ ಸಾಲದು. ಜೇಡ ನಮ್ಮ ಬೆನ್ನ ಹಿಂದೆ ಬೇರೇನನ್ನೋ ತಿನ್ನುತ್ತಿರಬಹುದು. ಆದ್ದರಿಂದ ಸಂಶೋಧಕರು ವಿಡಿಯೊ ದಾಖಲೆಯ ಜೊತೆಗೆ ದೇಹದ ಸಾರಜನಕವನ್ನೂ ವಿಚಾರಣೆಗೆ ಎಳೆದರು. ಸಾರಜನಕದಲ್ಲಿ ಹಗುರವಾದ 14, ಭಾರವಾದ 15 ಎಂಬ ಎರಡು ಬಗೆಯ ಪರಮಾಣುಗಳಿವೆ. ಗಿಡದಿಂದ ಹುಳುವಿಗೆ, ಹುಳುವಿನಿಂದ ಬೇಟೆಗಾರನಿಗೆ ಆಹಾರ ಏರುತ್ತ ಹೋದಂತೆ ಭಾರದ ಬಗೆಯ ಪ್ರಮಾಣ ಹಂತಹಂತವಾಗಿ ಹೆಚ್ಚುತ್ತದೆ. ಕಿಪ್ಲಿಂಗಿಯ ದೇಹದಲ್ಲಿ ಆ ಪ್ರಮಾಣ ಇತರ ಜೇಡಗಳಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಅಂದರೆ ಅದು ಊಟದ ಏಣಿಯಲ್ಲಿ ಗಿಡಕ್ಕೆ ಹತ್ತಿರದ ಮೆಟ್ಟಿಲಿನಲ್ಲಿ ಕುಳಿತಿದೆ. ಮೆಕ್ಸಿಕೊದಲ್ಲಿ ಅದರ ಆಹಾರದ ನೂರಕ್ಕೆ 90ರಷ್ಟು ಎಲೆಯ ಗುಳಿಗೆಗಳೇ. ಕೋಸ್ಟರಿಕದಲ್ಲಿ ಸುಮಾರು 60. ಎರಡೂ ಕಡೆ ವಸತಿಯೂ ಒಂದೇ ರೀತಿಯಲ್ಲ. ಮೆಕ್ಸಿಕೊದ ಅಧ್ಯಯನ ಪ್ರದೇಶದಲ್ಲಿ ಅರ್ಧಕ್ಕೂ ಹೆಚ್ಚು ಜಾಲಿಗಳಲ್ಲಿ ಈ ಜೇಡವಿದ್ದರೆ ಕೋಸ್ಟರಿಕದಲ್ಲಿ ನೂರಕ್ಕೆ ಐದರಲ್ಲೂ ಇರಲಿಲ್ಲ.

ಜೇಡದ ಪಾಲಿಗೆ ಇದು ಕದ್ದ ಊಟ. ಗುಳಿಗೆಗಳು ಮರ ಇರುವೆಗೆ ಕೊಡುವ ಕೂಲಿ; ಜೇಡ ಕಾವಲು ಕಾಯುವುದೂ ಇಲ್ಲ, ಬಾಡಿಗೆ ತೆರುವುದೂ ಇಲ್ಲ. ಇರುವೆಗಳು ಹೆಚ್ಚು ಸುಳಿಯದ ಹಳೆಯ ಎಲೆಗಳ ತುದಿಯಲ್ಲಿ ಗೂಡು ಕಟ್ಟುತ್ತದೆ. ಇರುವೆ ಎದುರಾದರೆ ಪಕ್ಕಕ್ಕೆ ಜಿಗಿಯುತ್ತದೆ, ಇಲ್ಲವೇ ರೇಷ್ಮೆಯ ಎಳೆ ಹಿಡಿದು ಕೆಳಗಿಳಿದು ನೇತಾಡುತ್ತದೆ. ಬೇಟೆಗೆಂದು ವಿಕಾಸಗೊಂಡ ಕಣ್ಣು, ನೆಗೆತ, ಚುರುಕು ಎಲ್ಲವೂ ಈಗ ಕಾವಲುಗಾರರ ಕಣ್ಣು ತಪ್ಪಿಸುವ ಕೆಲಸಕ್ಕೆ ಒದಗುತ್ತಿವೆ. ಆ ಮಟ್ಟಿಗೆ ಬಘೀರ ಎಂಬ ಹೆಸರು ಪೂರ್ತಿ ಸುಳ್ಳಾಗಿಲ್ಲ.

‘ಸಸ್ಯಾಹಾರಿ’ ಎಂಬ ಪದ ನಮ್ಮಲ್ಲಿ ಹೊರುವ ಭಾರವೇ ಬೇರೆ. ಅದನ್ನು ಜೇಡದ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕಿಪ್ಲಿಂಗಿ ಸಿಹಿರಸ ಹೀರುತ್ತದೆ, ಅವಕಾಶ ಸಿಕ್ಕರೆ ಇರುವೆಯ ಮರಿಹುಳುವನ್ನು ಕಸಿಯುತ್ತದೆ, ಸಣ್ಣ ನೊಣಗಳನ್ನೂ ಹಿಡಿಯುತ್ತದೆ, ಬೇಸಿಗೆಯ ಬರದಲ್ಲಿ ತನ್ನವರನ್ನೇ ತಿಂದದ್ದೂ ದಾಖಲಾಗಿದೆ. ಇನ್ನು ಗಿಡದ ಆಹಾರಕ್ಕೆ ಬಾಯಿ ಹಾಕುವ ಜೇಡ ಇದೊಂದೇ ಎಂಬುದೂ ತಪ್ಪು. ಮಾರ್ಟಿನ್ ನಿಫೆಲರ್, ಓಲ್ಸನ್ ಮತ್ತು ವಿಲಿಯಂ ಸೈಮಂಡ್ಸನ್ 2016ರಲ್ಲಿ ಅಂತಹ ವರದಿಗಳನ್ನೆಲ್ಲ ಒಟ್ಟುಗೂಡಿಸಿದಾಗ ಹತ್ತು ಕುಟುಂಬಗಳ 60ಕ್ಕೂ ಹೆಚ್ಚು ಪ್ರಭೇದಗಳು ಮಕರಂದವನ್ನೋ ಪರಾಗವನ್ನೋ ತಿನ್ನುವುದು ಕಂಡುಬಂತು. ಅವುಗಳಿಗೆ ಅದು ಬಾಯಿ ಚಪ್ಪರಿಸುವ ತಿಂಡಿ; ಕಿಪ್ಲಿಂಗಿಗೆ ಮುಖ್ಯ ಊಟ. ವ್ಯತ್ಯಾಸ ಇರುವುದು ಇಷ್ಟರಲ್ಲೇ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ.

ಊಟ ಬೇರೆಯಾದರೆ ಕುಲ ಬೇರೆಯೇ?

ಇಷ್ಟು ವಿಲಕ್ಷಣ ಬದುಕಿನ ಜೇಡಕ್ಕೆ ಪ್ರತ್ಯೇಕ ಕುಲವೊಂದನ್ನು ಕೊಡಬಾರದಿತ್ತೇ ಎಂಬ ಪ್ರಶ್ನೆ ಸಹಜ. ವರ್ಗೀಕರಣ ಅದನ್ನು ಒಪ್ಪುವುದಿಲ್ಲ. ಒಂದು ಮನೆಯ ಮಗ ಊಟ ಬದಲಿಸಿದ ಮಾತ್ರಕ್ಕೆ ದಾಯಾದಿತನ ಹರಿಯುವುದಿಲ್ಲ. ಕುಲ ನಿಂತಿರುವುದು ಹುಟ್ಟಿನ ಮೇಲೆ, ನಡತೆಯ ಮೇಲಲ್ಲ. ಜೇಡಗಳ ವಿಷಯದಲ್ಲಿ ಹೀಗೆನ್ನಲು ಯಾರ ಅಭ್ಯಂತರವೂ ಇರಲಾರದು.

ಕುಲದ ಇತರ ಸದಸ್ಯರು ಅಜ್ಞಾತವಾಸದಲ್ಲೇ ಇದ್ದಾರೆ. ಪ್ರಾಸ್ಪರ್‌ನ ವಾಸ ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಗ್ವಾಟೆಮಾಲದವರೆಗೆ. 2013ರಲ್ಲಿ ಗುಸ್ತಾವೊ ರೂಯಿಜ್ ಮತ್ತು ಜಿ. ಬಿ. ಎಡ್ವರ್ಡ್ಸ್ ಇನ್ನೆರಡು ಪ್ರಭೇದಗಳನ್ನು ಸೇರಿಸಿದರು: ಕೋಸ್ಟರಿಕದ ‘ಲಸೆಲ್ವಾ’, ಗ್ವಾಟೆಮಾಲದ ‘ಮೊತಾಗ್ವಾ’. ಎಲೆ ತಿನ್ನುವುದಕ್ಕೆ ಹೆಸರಾದದ್ದು ನಾಲ್ವರಲ್ಲಿ ಕಿಪ್ಲಿಂಗಿ ಒಂದೇ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಜಿಗಿಯುವ ಜೇಡಗಳ ದೊಡ್ಡ ಗುಂಪುಗಳ ಗೋಡೆಗಳು ಅನೇಕ ಕಡೆ ಕುಸಿದವು. ಮ್ಯಾಡಿಸನ್ 2015ರಲ್ಲಿ ಇಡೀ ಕುಟುಂಬಕ್ಕೆ ಹೊಸ ವರ್ಗೀಕರಣವನ್ನು ಪ್ರಕಟಿಸಿದರು. ಸಿಮೋನರ ಹಲ್ಲಿನ ಲೆಕ್ಕಕ್ಕೆ ಅದರಲ್ಲಿ ಹಳೆಯ ಗೌರವ ಉಳಿದಿಲ್ಲ. ಬಘೀರಾ ಕುಲಕ್ಕೆ ಅಲ್ಲಿ ಡೆಂಡ್ರಿಫ್ಯಾಂಟಿನಿ ಎಂಬ ಪಂಗಡದಲ್ಲಿ ಸ್ಥಾನ. ಮುಖ್ಯವಾಗಿ ಅಮೆರಿಕ ಖಂಡಗಳಲ್ಲಿ ಹಬ್ಬಿರುವ ಈ ಪಂಗಡದ ಬಹುತೇಕ ಜೇಡಗಳು ಅಪ್ಪಟ ಬೇಟೆಗಾರರು. ಬೇಟೆಗಾರರ ವಂಶದ ನಡುವೆಯೇ ಒಂದು ಕವಲು ಇರುವೆಯ ಊಟಕ್ಕೆ ಕೈಹಾಕಿತು ಎಂದು ನಾವು ಹೇಳಬಲ್ಲೆವಾದರೆ ಅದು ಈ ವಂಶಾವಳಿ ಸಿದ್ಧವಾಗಿದ್ದರಿಂದ. ಯಾರ ದಾಯಾದಿ ಯಾರು ಎಂದು ತಿಳಿಯದಿದ್ದರೆ ಯಾವುದು ಹಳೆಯ ರೂಢಿ, ಯಾವುದು ಹೊಸ ಚಾಳಿ ಎಂದು ತೀರ್ಮಾನಿಸುವ ದಾರಿಯೇ ಇರುವುದಿಲ್ಲ.

ಕಥೆಯ ಪಾತ್ರಗಳ ಹೆಸರನ್ನು ಜೇಡಗಳಿಗೆ ಇಡುವ ಚಪಲ ಪೆಕ್‌ಹ್ಯಾಮರೊಂದಿಗೆ ಮುಗಿಯಲಿಲ್ಲ. ನಮ್ಮ ಮಲೆನಾಡಿನ ಕಾನುಗಳಲ್ಲಿ ಒಣಗಿದ ಎಲೆಯಂತೆ ಕಾಣುವ, ಚೂಪು ಟೋಪಿಯಾಕಾರದ ಜೇಡವೊಂದು ಸಿಕ್ಕಾಗ ಅದನ್ನು ವಿವರಿಸಿದ ಜಾವೇದ್ ಅಹ್ಮದ್, ರಾಜಶ್ರೀ ಖಲಾಪ್ ಮತ್ತು ಸುಮುಖ ಅವರಿಗೆ ನೆನಪಾದದ್ದು ಹ್ಯಾರಿ ಪಾಟರ್ ಕಥೆಯ ಮಾತಾಡುವ ಟೋಪಿ. ಆ ಟೋಪಿಯ ಮೂಲ ಒಡೆಯನ ನೆನಪಿಗೆ ಅದನ್ನು ‘ಎರಿಯೋವಿಕ್ಸಿಯಾ ಗ್ರಿಫಿಂಡೋರಿ’ ಎಂದು ಕರೆದರು. ಅದು ಜಿಗಿಯುವ ಜೇಡವಲ್ಲ, ಬಲೆ ನೇಯುವ ಜಾತಿಯದು. 2016ರಲ್ಲಿ ಪ್ರಕಟವಾದ ಆ ವಿವರಣೆಯೂ ಒಂದೇ ಲಿಂಗವನ್ನು ಆಧರಿಸಿತ್ತು. ಈ ಸಲ ಸಿಕ್ಕಿದ್ದು ಹೆಣ್ಣು.